ಕತ್ತಿಯೊಳಗಿನ ಚಿತ್ತಾರ

ಹಳಗನ್ನಡದಲ್ಲಿ ಕತ್ತಿಗೆ ‘ಬಾಳ್’ ಎಂದು ಹೆಸರು. ಬದುಕು ಎಂಬ ಅರ್ಥದ ‘ಬಾೞ್’ ಬೇರೆಯದೇ ಮಾತು. ಅದರ ಕೊನೆಯಲ್ಲಿರುವುದು ರಳ, ಇದರ ಕೊನೆಯಲ್ಲಿರುವುದು ಕುಳ. ಕಾಲ ಸರಿದಂತೆ ರಳ ನಮ್ಮ ನಾಲಗೆಯಿಂದ ಜಾರಿಹೋಯಿತು. ಬದುಕೂ ಕತ್ತಿಯೂ ಒಂದೇ ಉಚ್ಚಾರಣೆಗೆ ಬಂದು ನಿಂತವು. ಈ ಆಕಸ್ಮಿಕದಿಂದ ದೊಡ್ಡ ತತ್ತ್ವವನ್ನೇನೂ ಹಿಂಡಬೇಕಾಗಿಲ್ಲ. ಆದರೆ ಕತ್ತಿಯನ್ನು ಕೈಯಿಂದ ಬಡಿದು ಮಾಡುತ್ತಿದ್ದ ಕಾಲದಲ್ಲಿ, ಅದನ್ನು ಹಿಡಿದವನ ಬಾಳು ಅದನ್ನು ಬಡಿದವನ ಕೈಯಲ್ಲಿತ್ತು ಎಂಬುದು ನಿಜ. ಕಾಳಗದ ನಡುವೆ ಅಲಗು ಬಾಗಿದರೆ ಒಂದು ಗತಿ, ಮುರಿದರೆ ಇನ್ನೊಂದು. ಬಾಗದಷ್ಟು ಗಡುಸಾಗಿಯೂ ಮುರಿಯದಷ್ಟು ಮೆದುವಾಗಿಯೂ ಇರುವ ಲೋಹವನ್ನು ಎಲ್ಲಿಂದ ತರುವುದು? ಕಮ್ಮಾರನ ವಿದ್ಯೆಯೆಲ್ಲ ಈ ಪ್ರಶ್ನೆಯ ಸುತ್ತ ಬೆಳೆದದ್ದು. ಹಳೆಯ ಕತ್ತಿಗಳ ಮೈಮೇಲೆ ಕಾಣುವ ಚಿತ್ತಾರವೂ ಬಹುಮಟ್ಟಿಗೆ ಇದೇ ಪ್ರಶ್ನೆಯಿಂದ ಹುಟ್ಟಿದ್ದು ಎಂಬ ಸಂಗತಿಯನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಲೋಹದ ಗುಣವನ್ನು ಸ್ವಲ್ಪ ತಿಳಿಯಬೇಕು. ಮೆದು ಕಬ್ಬಿಣ, ಉಕ್ಕು, ಬೀಡು — ಮೂರೂ ಒಂದೇ ಮನೆಯ ಮಕ್ಕಳು. ಅವುಗಳನ್ನು ಬೇರೆಮಾಡುವುದು ಅವುಗಳೊಳಗೆ ಸೇರಿರುವ ಇಂಗಾಲದ ಪ್ರಮಾಣ. ನೂರಕ್ಕೆ ಒಂದರ ಹತ್ತನೆಯ ಪಾಲಿಗಿಂತಲೂ ಕಡಿಮೆ ಇಂಗಾಲವಿದ್ದರೆ ಅದು ಮೆದು ಕಬ್ಬಿಣ. ಹೊಡೆದಂತೆ ಬಾಗುತ್ತದೆ, ಅಂಚು ನಿಲ್ಲುವುದಿಲ್ಲ. ನೂರಕ್ಕೆ ಎರಡನ್ನು ಮೀರಿದರೆ ಬೀಡು. ಎರಕ ಹೊಯ್ಯಲು ಸೊಗಸು, ಸುತ್ತಿಗೆಯ ಪೆಟ್ಟಿಗೆ ಒಡೆದುಹೋಗುತ್ತದೆ. ನಡುವಿನ ಕಿರಿದಾದ ಓಣಿಯಲ್ಲಿರುವುದು ಉಕ್ಕು. ಇಂಗಾಲವೆಂದರೇನೆಂದು ಅರಿಯದ ಕಾಲದಲ್ಲಿ, ಅಳೆಯುವ ಯಾವ ಉಪಕರಣವೂ ಇಲ್ಲದೆ, ಬೆಂಕಿಯ ಬಣ್ಣವನ್ನೂ ಸುತ್ತಿಗೆಯ ಸದ್ದನ್ನೂ ನಂಬಿ ಆ ಓಣಿಯನ್ನು ಹುಡುಕಿಕೊಂಡವರು ಹಿಂದಿನ ಕಮ್ಮಾರರು.

ಅವರ ಕುಲುಮೆಯ ಇನ್ನೊಂದು ಕಷ್ಟವೂ ಉಂಟು. ಶುದ್ಧ ಕಬ್ಬಿಣ ಕರಗಬೇಕಾದರೆ ೧೫೩೮ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಇದ್ದಿಲು ಹಾಕಿ ತಿದಿಯೊತ್ತುವ ಮಣ್ಣಿನ ಕುಲುಮೆ ಆ ಮಟ್ಟಕ್ಕೆ ಏರದು. ಆದ್ದರಿಂದ ಅದಿರನ್ನು ಕಾಯಿಸಿದಾಗ ಅವರಿಗೆ ದೊರೆಯುತ್ತಿದ್ದುದು ಕರಗಿದ ಲೋಹವಾಗಿರದೆ, ಜೇನುಹಟ್ಟಿನಂತೆ ತೂತುತೂತಾಗಿ ಕಿಟ್ಟ ತುಂಬಿಕೊಂಡ ಒಂದು ಗಡ್ಡೆ. ಅದನ್ನು ಕೆಂಪಗೆ ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು, ಕಿಟ್ಟವನ್ನು ಹಿಂಡಿ ತೆಗೆಯಬೇಕು. ಎಷ್ಟು ಬಡಿದರೂ ಗಡ್ಡೆಯ ಒಂದು ಮಗ್ಗುಲು ಮೆದು, ಇನ್ನೊಂದು ಮಗ್ಗುಲು ಗಡುಸು. ಇಂಥ ನಂಬಲಾಗದ ಸರಕಿನಿಂದ ನಂಬಬಹುದಾದ ಕತ್ತಿಯನ್ನು ಮಾಡಬೇಕು.

ಇದಕ್ಕೆ ಯೂರೋಪಿನ ಉತ್ತರಭಾಗದ ಜನ ಕಂಡುಕೊಂಡ ಉಪಾಯ ಬಹಳ ಸ್ವಾರಸ್ಯವಾದುದು. ಎಂಟನೆಯ ಶತಮಾನದ ಕೊನೆಯಿಂದ ಹನ್ನೊಂದನೆಯ ಶತಮಾನದವರೆಗೆ ಹಡಗುಗಳಲ್ಲಿ ತಿರುಗಿ ಸುಲಿಗೆಯನ್ನೂ ವ್ಯಾಪಾರವನ್ನೂ ಒಟ್ಟಿಗೆ ನಡೆಸಿದ ವೈಕಿಂಗರ ಹೆಸರನ್ನು ತಾವು ಕೇಳಿದ್ದೀರಿ. ಅವರ ಕತ್ತಿ ನೇರವಾದದ್ದು, ಎರಡೂ ಕಡೆ ಬಾಯುಳ್ಳದ್ದು, ಹಿಡಿಯೂ ಸೇರಿ ಸುಮಾರು ಮೂರಡಿ ಉದ್ದ. ತೂಕ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಅಲಗಿನ ನಡುವೆ ಮೇಲಿಂದ ಕೆಳಕ್ಕೆ ಅಗಲವಾದ ಒಂದು ತೋಡು. ತೂಕ ಇಳಿಯಲಿ, ಬಲ ಇಳಿಯದಿರಲಿ ಎಂದು ಆ ತೋಡು; ರಕ್ತ ಹರಿದುಹೋಗಲೆಂದು ಅದನ್ನು ಮಾಡುತ್ತಿದ್ದರೆಂಬುದು ಕತೆಗಾರರು ಕಟ್ಟಿದ ಮಾತು.

ಅಲಗಿನ ನಡುಭಾಗವನ್ನು ಅವರೂ ಅವರ ಹಿಂದಿನವರೂ ಕಟ್ಟುತ್ತಿದ್ದ ಬಗೆ ಹೀಗೆ: ಎರಡು ಬಗೆಯ ಕಬ್ಬಿಣದ ತೆಳುಪಟ್ಟಿಗಳನ್ನು ಒಂದರ ಮೇಲೊಂದು ಅಡುಕಿ, ಬೆಂಕಿಯಲ್ಲಿ ಬೆಸೆದು, ಒಂದು ಸಲಾಕೆ ಮಾಡುವುದು. ಆ ಸಲಾಕೆಯನ್ನು ಕಾಯಿಸಿ, ಒಂದು ತುದಿಯನ್ನು ಬಿಗಿಹಿಡಿದು, ಇನ್ನೊಂದು ತುದಿಯನ್ನು ಇಕ್ಕಳದಿಂದ ತಿರುಚುವುದು. ಥೇಟು ಹಗ್ಗ ಹೊಸೆದಂತೆ. ಹೀಗೆ ಹುರಿಗೊಳಿಸಿದ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಲಾಕೆಗಳನ್ನು ಮಗ್ಗುಲು ಮಗ್ಗುಲಾಗಿ ಇಟ್ಟು ಮತ್ತೆ ಬೆಸೆಯುವುದು. ಒಂದನ್ನು ಬಲಕ್ಕೆ, ಪಕ್ಕದ್ದನ್ನು ಎಡಕ್ಕೆ ತಿರುಚಿದ್ದರೆ ಎರಡೂ ಕೂಡಿದ ಕಡೆ ಮೀನಿನ ಮುಳ್ಳಿನಂಥ ಸಾಲು ಮೂಡುತ್ತದೆ. ಈ ನಡುಭಾಗದ ಸುತ್ತ ಗಡುಸು ಉಕ್ಕಿನ ಪಟ್ಟಿಯನ್ನು ಸೇರಿಸಿದರೆ ಅದು ಅಲಗಿನ ಬಾಯಿ. ಉಜ್ಜಿ, ಸಾಣೆ ಹಿಡಿದು, ಕೊನೆಗೆ ಹುಳಿಯಾದ ಯಾವುದಾದರೊಂದು ದ್ರವದಿಂದ ತೊಳೆದರೆ ಒಳಗಿನ ಪದರಗಳು ಬೆಳ್ಳಗೆ ಕಪ್ಪಗೆ ಎದ್ದು ನಿಲ್ಲುತ್ತವೆ. ಇನ್ನೂ ಒಂದು ಸೊಗಸೆಂದರೆ, ಹುರಿಗೊಂಡ ಸಲಾಕೆಯನ್ನು ಎಷ್ಟು ಆಳಕ್ಕೆ ಉಜ್ಜುತ್ತೇವೆಯೋ ಅದಕ್ಕೆ ತಕ್ಕಂತೆ ಚಿತ್ತಾರ ಬದಲಾಗುತ್ತದೆ. ಮೇಲುಮೇಲೆ ಉಜ್ಜಿದರೆ ಓರೆಗೆರೆಗಳು. ನಡುವಿನವರೆಗೆ ಉಜ್ಜಿದರೆ ಬಾಗಿದ ಕಮಾನುಗಳು. ಆರನೆಯ ಶತಮಾನದ ಆರಂಭದಲ್ಲಿ ಇಟಲಿಯನ್ನು ಆಳುತ್ತಿದ್ದ ತಿಯೊಡೊರಿಕನ ಪರವಾಗಿ ಕಾಸಿಯೊಡೋರಸ್ ಎಂಬ ವಿದ್ವಾಂಸ ಬರೆದ ಕಾಗದವೊಂದು ಉಳಿದಿದೆ. ಕಾಣಿಕೆಯಾಗಿ ಬಂದ ಕತ್ತಿಗಳ ತೋಡಿನೊಳಗೆ ಮರಿಹಾವುಗಳು ಹರಿದಾಡುವಂತೆ ತೋರುತ್ತದೆ ಎಂದು ಆತ ಅದರಲ್ಲಿ ಬೆರಗುಪಟ್ಟಿದ್ದಾನೆ.

ಈ ತಿರುಚುವಿಕೆ ಬಲಕ್ಕಾಗಿಯೋ ಅಂದಕ್ಕಾಗಿಯೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೆರೆಸಿ ಹೊಸೆದರೆ ಕೊರತೆ ಒಂದೇ ಕಡೆ ನಿಲ್ಲದೆ ಹಂಚಿಹೋಗುತ್ತದೆ ಎಂಬ ಲೆಕ್ಕದಿಂದ ಇದು ಮೊದಲಾಗಿ, ಕಣ್ಣಿಗೆ ಹಿತವೆನಿಸಿದ ಮೇಲೆ ಅಂದಕ್ಕಾಗಿಯೇ ಬೆಳೆದಿರಬೇಕೆಂದು ನನಗೆ ತೋರುತ್ತದೆ. ಒಂದು ಸಂಗತಿಯಂತೂ ಗಮನಿಸತಕ್ಕದ್ದು. ಆ ನಾಡಿನ ಜೌಗುನೆಲದ ಅದಿರಿನಲ್ಲಿ ರಂಜಕ ಹೆಚ್ಚು. ರಂಜಕ ಸೇರಿದ ಕಬ್ಬಿಣ ತಣ್ಣಗಿದ್ದಾಗ ಪೆಳಸು. ಯಾವ ಕಮ್ಮಾರನೂ ಅದನ್ನು ಮೆಚ್ಚುವುದಿಲ್ಲ. ಆದರೆ ಹುಳಿಯಲ್ಲಿ ತೊಳೆದಾಗ ಅದೇ ಬೆಳ್ಳಿಯಂತೆ ಹೊಳೆಯುತ್ತದೆ. ಕತ್ತಿಯ ಮೇಲಿನ ಬಿಳಿಯ ಗೆರೆಗಳು ಬಹಳಷ್ಟು ಸಲ ಈ ರಂಜಕದ ಕಬ್ಬಿಣವೇ. ಅದಿರಿನ ದೋಷವನ್ನೇ ಅವರು ಒಡವೆ ಮಾಡಿಕೊಂಡರು.

ಇದೆಲ್ಲ ದೂರದ ನಾಡಿನ ಮಾತಾಯಿತು. ಇದೇ ಪ್ರಶ್ನೆಗೆ ನಮ್ಮ ಕಡೆಯ ಕಮ್ಮಾರರು ಕೊಟ್ಟ ಉತ್ತರ ಬೇರೆ ಬಗೆಯದು.

ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿ, ಕಂಡದ್ದನ್ನೆಲ್ಲ ಬರೆದಿಟ್ಟ; ಅದು ೧೮೦೭ರಲ್ಲಿ ಅಚ್ಚಾಯಿತು. ಮಧುಗಿರಿ, ಮಾಗಡಿಗಳ ಕಡೆ ಉಕ್ಕು ಮಾಡುವವರ ಕುಲುಮೆಗಳ ಬಳಿ ನಿಂತು ಆತ ನೋಡಿದ್ದಾನೆ. ಹಸಿ ಜೇಡಿಮಣ್ಣಿನ ಕಿರಿದಾದ ಮೂಸೆ. ಅದರೊಳಗೆ ಬಡಿದು ಹದಮಾಡಿದ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿಯ ಚೂರುಗಳು, ಮೇಲೆ ಒಂದೆರಡು ಹಸಿರೆಲೆ. ಬಾಯನ್ನು ಮಣ್ಣಿನಿಂದ ಮೆತ್ತಿ, ಇಂಥ ಹಲವು ಮೂಸೆಗಳನ್ನು ಕುಲುಮೆಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಿಲು ಸುರಿದು, ಗಂಟೆಗಟ್ಟಲೆ ತಿದಿಯೊತ್ತುತ್ತಿದ್ದರು. ಒಳಗೆ ನಡೆಯುವುದೇನೆಂದರೆ: ಕಡ್ಡಿ, ಎಲೆಗಳು ಸುಟ್ಟು ಇಂಗಾಲವಾಗುತ್ತವೆ, ಕಾದ ಕಬ್ಬಿಣ ಆ ಇಂಗಾಲವನ್ನು ಹೀರುತ್ತದೆ. ಹೀರಿದಷ್ಟೂ ಅದರ ಕರಗುವ ಮಟ್ಟ ಇಳಿಯುತ್ತದೆ. ಇಳಿದು ಇಳಿದು ಮಣ್ಣಿನ ಕುಲುಮೆಯ ಶಾಖಕ್ಕೆ ಎಟುಕಿದ ಗಳಿಗೆಯಲ್ಲಿ, ಎಂದೂ ಕರಗದ ಕಬ್ಬಿಣ ಮೂಸೆಯೊಳಗೆ ಕರಗಿ ನೀರಾಗುತ್ತದೆ. ಕಿಟ್ಟವೆಲ್ಲ ಮೇಲೆ ತೇಲಿ, ಶುದ್ಧವಾದ ಲೋಹ ಅಡಿಯಲ್ಲಿ ನಿಲ್ಲುತ್ತದೆ. ಕುಲುಕಿದರೆ ಒಳಗಿನದು ಅಲುಗಿದ್ದು ಕೈಗೆ ತಿಳಿಯಬೇಕು. ಮೆಲ್ಲಗೆ ಆರಿಸಿ ಮೂಸೆ ಒಡೆದರೆ ಒಂದು ಪುಟ್ಟ ಗಟ್ಟಿ, ಅದೇ ಉಕ್ಕು. ‘ಉಕ್ಕು’ ಎಂಬ ಹೆಸರನ್ನು ಕುದಿ ಬಂದು ಹೊಮ್ಮುವುದೆಂಬ ಕ್ರಿಯೆಯೊಡನೆ, ತಮಿಳಿನ ‘ಉರುಕ್ಕು’ ಎಂಬ ಮಾತಿನೊಡನೆ ಸೇರಿಸಿ ನೋಡುವವರಿದ್ದಾರೆ. ಹಾಲು ಉಕ್ಕುವುದನ್ನು ಕಂಡ ಜನ ಕರಗಿದ ಕಬ್ಬಿಣಕ್ಕೆ ಆ ಹೆಸರಿಟ್ಟಿದ್ದರೆ ಆಶ್ಚರ್ಯವಿಲ್ಲ.

ಇದು ಕನ್ನಡಿಗರೊಬ್ಬರ ಸೊತ್ತೆಂದು ಹೇಳಿಕೊಳ್ಳುವುದು ಸರಿಯಲ್ಲ. ತೆಲಂಗಾಣದ ಕೋನಸಮುದ್ರ, ತಮಿಳುನಾಡು, ಸಿಂಹಳ, ಅತ್ತ ಮಧ್ಯ ಏಷ್ಯದ ಮೆರ್ವ್ — ಇಲ್ಲೆಲ್ಲ ಮೂಸೆಯ ಉಕ್ಕು ತಯಾರಾಗುತ್ತಿತ್ತು. ಆದರೆ ಹೆಸರು ಮಾತ್ರ ನಮ್ಮದು ಹೋಯಿತು. ೧೭೯೪ರಲ್ಲಿ ಮುಂಬಯಿಯ ಡಾಕ್ಟರ್ ಹೆಲೆನಸ್ ಸ್ಕಾಟ್ ಇದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸರಿಗೆ ಕಳುಹಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಬರೆದ ಪ್ರಬಂಧದಲ್ಲಿ ಈ ಲೋಹಕ್ಕೆ ‘ವೂಟ್ಸ್’ ಎಂಬ ಹೆಸರಿತ್ತು. ‘ಉಕ್ಕು’ ಪರದೇಶಿಯ ಕಿವಿಗೆ ‘ವುಕ್’ ಎಂದು ಕೇಳಿಸಿ, ಬರಹದಲ್ಲೋ ಅಚ್ಚಿನಲ್ಲೋ ಮತ್ತೆ ತಿರುಚಿಕೊಂಡು ‘ವೂಟ್ಸ್’ ಆಯಿತೆಂಬುದು ಬಹುಮಂದಿ ಒಪ್ಪುವ ವಿವರಣೆ. ಅಂದಿನಿಂದ ಲೋಹಶಾಸ್ತ್ರದ ಪುಸ್ತಕಗಳಲ್ಲೆಲ್ಲ ಅದೇ ಹೆಸರು. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ೨೦೦೪ರಲ್ಲಿ ಈ ಉಕ್ಕಿನ ಚರಿತ್ರೆಯನ್ನೇ ಒಂದು ಪುಸ್ತಕವಾಗಿ ಇಂಗ್ಲಿಷಿನಲ್ಲಿ ಹೊರತಂದರು.

ಲಂಡನ್ನಿನ ಕಥೆಯನ್ನು ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಮುಖ್ಯವಾದ ತಿರುಳು ಅಲ್ಲಿದೆ. ಈ ಉಕ್ಕಿನ ಗಟ್ಟಿಗಳನ್ನು ಕೈಗೆತ್ತಿಕೊಂಡ ಯೂರೋಪಿನ ಕಮ್ಮಾರರು ತಮ್ಮ ವಾಡಿಕೆಯಂತೆ ಬೆಳ್ಳಗೆ ಹೊಳೆಯುವವರೆಗೆ ಕಾಯಿಸಿ ಸುತ್ತಿಗೆಯೆತ್ತಿದರು. ಹೊಡೆದೊಡನೆ ಗಟ್ಟಿ ಹದ ತಪ್ಪಿದ ಬೆಲ್ಲದುಂಡೆಯಂತೆ ಪುಡಿಪುಡಿಯಾಗಿ ಉದುರಿತು. ನಮ್ಮ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದೂವರೆಯ ಆಸುಪಾಸು. ಅಷ್ಟು ಇಂಗಾಲವಿದ್ದ ಲೋಹ ಬಿಳಿಗಾವಿನಲ್ಲಿ ಒಳಗೊಳಗೇ ಕರಗತೊಡಗುತ್ತದೆ. ಅದನ್ನು ಬಡಿಯಬೇಕಾದದ್ದು ಕೆಂಪುಗಾವಿನಲ್ಲಿ, ಸಣ್ಣ ಸಣ್ಣ ಪೆಟ್ಟುಗಳಿಂದ, ಹತ್ತಾರು ಸಲ ಕಾಯಿಸಿ, ಅವಸರವಿಲ್ಲದೆ. ಹಾಗೆ ಬಡಿದಾಗ ಮೂಸೆಯಲ್ಲಿ ಮೆಲ್ಲಗೆ ಆರುವಾಗ ಮೂಡಿದ್ದ ಗಡುಸು ಕಣಗಳು ಸಾಲುಗಟ್ಟಿ ನಿಲ್ಲುತ್ತವೆ. ತೊಳೆದರೆ ಹೊಳೆಯ ಮರಳಿನ ಮೇಲೆ ನೀರು ಹರಿದುಹೋದ ಗುರುತಿನಂತೆ ನವಿರಾದ ಅಲೆಗಳು ಅಲಗಿನ ತುಂಬ. ಪಡುವಣ ದೇಶಗಳವರು ‘ಡಮಾಸ್ಕಸ್’ ಎಂದು ಕೊಂಡಾಡಿದ ಕತ್ತಿಗಳ ಚಿತ್ತಾರ ಇದು. ಬಡಗಣದ ಕತ್ತಿಯಲ್ಲಿ ಕಮ್ಮಾರ ಹೊಸೆದು ಮಾಡಿದ ಚಿತ್ತಾರ. ಇಲ್ಲಿ ಲೋಹ ತಾನೇ ಬರೆದುಕೊಂಡದ್ದು. ಎರಡಕ್ಕೂ ಇಂದು ಅಂಗಡಿಗಳಲ್ಲಿ ಒಂದೇ ಹೆಸರಿಟ್ಟು ಮಾರುವುದುಂಟು; ತಿಳಿದವರು ಹಾಗೆ ಬೆರೆಸಬಾರದು.

ಮೈಕೇಲ್ ಫ್ಯಾರಡೆ ವಿದ್ಯುಚ್ಛಕ್ತಿಯ ಕಡೆ ಹೊರಳುವ ಮೊದಲು, ೧೮೧೯ರಿಂದ ೧೮೨೨ರವರೆಗೆ, ಜೇಮ್ಸ್ ಸ್ಟೋಡಾರ್ಟ್ ಎಂಬ ಚೂರಿ-ಕತ್ತಿ ಮಾಡುವವನೊಡನೆ ಸೇರಿ ಈ ಉಕ್ಕಿನ ಗುಟ್ಟನ್ನು ಹುಡುಕಿದ. ಆತ ಕಮ್ಮಾರನ ಮಗನೆಂಬುದನ್ನು ಇಲ್ಲಿ ನೆನೆಯಬಹುದು. ಗುಟ್ಟು ಪೂರ್ತಿಯಾಗಿ ಬಿಚ್ಚಿಕೊಳ್ಳಲಿಲ್ಲ. ಆದರೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ಉಕ್ಕು ಮಾಡುವ ಆಧುನಿಕ ವಿದ್ಯೆಗೆ ಆ ಹುಡುಕಾಟ ದಾರಿ ತೆರೆಯಿತು. ನೂರೆಪ್ಪತ್ತು ವರ್ಷಗಳಾದ ಮೇಲೆ, ೧೯೯೦ರ ದಶಕದಲ್ಲಿ, ಅಮೆರಿಕದ ಲೋಹವಿಜ್ಞಾನಿ ವರ್ಹೋವೆನ್ ಮತ್ತು ಕುದುರೆಗಳಿಗೆ ಲಾಳ ಕಟ್ಟುವ ಕಸುಬಿನ ಪೆಂಡ್ರೆ ಜೊತೆಗೂಡಿ ಆ ಅಲೆಯ ಚಿತ್ತಾರವನ್ನು ಮತ್ತೆ ಮೂಡಿಸಿ ತೋರಿಸಿದರು. ಅದಿರಿನಲ್ಲಿ ವನೇಡಿಯಂ ಮೊದಲಾದ ಧಾತುಗಳು ಲೇಶಮಾತ್ರ ಇದ್ದರೆ ಮಾತ್ರ ಕಣಗಳು ಸಾಲುಗಟ್ಟುತ್ತವೆ ಎಂಬುದು ಅವರು ಕಂಡುಕೊಂಡದ್ದು. ಹಾಗಾದರೆ ಆ ಧಾತುವಿದ್ದ ಅದಿರು ಮುಗಿದಾಗ ಹಳೆಯ ಕೈವಾಡವೂ ನಿಂತಿರಬಹುದು. ಎಲ್ಲವನ್ನೂ ಅಪ್ಪ ಹೇಳಿದಂತೆಯೇ ಮಾಡಿದರೂ ಒಂದು ದಿನ ಅಲಗಿನ ಮೇಲೆ ಅಲೆ ಮೂಡದೆ ಹೋದಾಗ, ಆ ಕಮ್ಮಾರ ತನ್ನ ಕೈಯನ್ನು ಹಳಿದುಕೊಂಡನೋ ದೇವರನ್ನೋ!

ಹಾಗೆಂದು ಈ ಉಕ್ಕೆಲ್ಲ ಕತ್ತಿಗೇ ಸವೆಯಿತೆಂದು ಎಣಿಸಬಾರದು. ಕಲ್ಲುಕುಟಿಗರ ಉಳಿಗಳು ಇದರಿಂದ ಆಗುತ್ತಿದ್ದವು. ಚನ್ನಪಟ್ಟಣದಲ್ಲಿ ಒಂದು ಮನೆತನ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ, ಆ ತಂತಿ ದೇಶದ ದೂರದೂರದ ಮೂಲೆಗಳಿಗೆ ಹೋಗುತ್ತಿದ್ದುದನ್ನೂ ಅದೇ ಬುಕಾನನ್ ಬರೆದಿದ್ದಾನೆ. ಕಡಿಯುವ ಅಲಗೂ ಮಿಡಿಯುವ ತಂತಿಯೂ ಒಂದೇ ಸೀಮೆಯ ಕುಲುಮೆಗಳ ಕೂಸುಗಳು.

ಬಡಗಣದ ಕತ್ತಿಗೂ ಇಂಥ ಉಕ್ಕಿಗೂ ನಂಟಿತ್ತೆ? ಇದ್ದಿರಬಹುದು ಎನ್ನುವವರಿದ್ದಾರೆ. ಒಂಬತ್ತರಿಂದ ಹನ್ನೊಂದನೆಯ ಶತಮಾನದ ಹಲವು ಕತ್ತಿಗಳ ಅಲಗಿನ ಮೇಲೆ ‘ಉಲ್ಫ್‌ಬೆರ್ತ್’ ಎಂಬ ಹೆಸರು, ಜೊತೆಗೆ ಶಿಲುಬೆಯ ಗುರುತು, ಕಬ್ಬಿಣದ ಅಕ್ಷರಗಳಲ್ಲಿ ಕೆತ್ತಿ ಕೂರಿಸಿದ್ದು ಸಿಕ್ಕಿದೆ. ಇಂಥವು ನೂರಕ್ಕೂ ಹೆಚ್ಚು ದೊರೆತಿವೆ, ನಾರ್ವೆಯಲ್ಲಿ ಬಹಳ. ಇಂಗ್ಲೆಂಡಿನ ಆಲನ್ ವಿಲಿಯಮ್ಸ್ ಎಂಬ ವಿದ್ವಾಂಸರು ಇವುಗಳ ಲೋಹವನ್ನು ಪರೀಕ್ಷಿಸಿ, ಕೆಲವು ಅಲಗುಗಳು ಕಿಟ್ಟವೇ ಇಲ್ಲದ, ನೂರಕ್ಕೆ ಒಂದರಷ್ಟು ಇಂಗಾಲವಿರುವ ಉಕ್ಕಿನವು, ಅಂದರೆ ಮೂಸೆಯಲ್ಲಿ ಕರಗಿಸಿದವು ಎಂದು ತೀರ್ಮಾನಿಸಿದರು. ಓಲ್ಗಾ ನದಿಯ ಹಾದಿಯಲ್ಲಿ ಪರ್ಷಿಯ, ಮಧ್ಯ ಏಷ್ಯಗಳ ಕಡೆಯಿಂದ ಅದು ಹೋಗಿರಬೇಕೆಂದು ಅವರ ಊಹೆ. ಇದನ್ನು ಒಪ್ಪದವರೂ ಇದ್ದಾರೆ. ನಮ್ಮ ಉಕ್ಕೇ ಅಲ್ಲಿಗೆ ಹೋಯಿತೆಂದು ಹೇಳಲು ಆಧಾರವಿಲ್ಲ. ಆ ಆಸೆಯನ್ನು ಇಲ್ಲಿಗೆ ಬಿಡೋಣ.

ಆದರೆ ಈ ಹೆಸರಿನ ಕತ್ತಿಗಳಲ್ಲಿ ಗಮನಿಸಬೇಕಾದ ಬದಲಾವಣೆಯೊಂದಿದೆ. ಅಲಗಿಗೆ ಒಳ್ಳೆಯ ಉಕ್ಕು ದೊರೆಯತೊಡಗಿದ ಮೇಲೆ ಹೊಸೆದ ಸಲಾಕೆಯ ಅಗತ್ಯ ಕಳೆಯಿತು. ಹಾವಿನ ಚಿತ್ತಾರ ಮೆಲ್ಲಮೆಲ್ಲನೆ ಮರೆಯಾಯಿತು. ಅದರ ಜಾಗಕ್ಕೆ ಅಕ್ಷರ ಬಂದಿತು. ಅಕ್ಷರಕ್ಕೆ ಬಳಸಿದ್ದು ಎಷ್ಟೋ ಸಲ ಹಳೆಯ ಹೊಸೆದ ಸಲಾಕೆಯ ತುಂಡುಗಳನ್ನೇ. ಹಿಂದೆ ಕತ್ತಿಯ ಬೆನ್ನೆಲುಬಾಗಿದ್ದದ್ದು ಈಗ ಅದರ ಮೇಲಿನ ಸಹಿಯಾಯಿತು. ಹೆಸರಿಗೆ ಬೆಲೆ ಬಂದೊಡನೆ ಕಳ್ಳಸಹಿಯೂ ಬಂದಿತು. ಅಗ್ಗದ ಲೋಹದ ಅಲಗುಗಳ ಮೇಲೆ ಅಕ್ಷರ ತಪ್ಪಿ ಬರೆದ ಉಲ್ಫ್‌ಬೆರ್ತರು ಹಲವರಿದ್ದಾರೆ. ಓದುಬರಹ ಬಾರದ ಕೊಳ್ಳುವವನು, ಓದುಬರಹ ಬಾರದ ಮಾರುವವನು. ನಡುವೆ ಮುದ್ರೆಯೊಂದು ಲಾಭ ಮಾಡಿಕೊಂಡಿತು.

ಇನ್ನು ಹಿಡಿಯ ಅಲಂಕಾರ. ವೈಕಿಂಗರ ಕತ್ತಿಯ ಹಿಡಿಗೆ ಕೆಳಗೊಂದು ಅಡ್ಡಪಟ್ಟಿ, ಮೇಲೊಂದು ಅಡ್ಡಪಟ್ಟಿ, ತುದಿಯಲ್ಲಿ ತೂಕ ಸರಿದೂಗಿಸುವ ಗುಂಡು. ಈ ಕಬ್ಬಿಣದ ಭಾಗಗಳ ಮೇಲೆ ಉಳಿಯಿಂದ ಕೂದಲೆಳೆಯಂಥ ಗೀರುಗಳನ್ನು ಒತ್ತೊತ್ತಾಗಿ ಕೊರೆದು, ಬೆಳ್ಳಿ, ತಾಮ್ರ, ಹಿತ್ತಾಳೆಯ ತಂತಿಗಳನ್ನು ಸಾಲಾಗಿ ಇಟ್ಟು ಮೆಲ್ಲಗೆ ಬಡಿಯುತ್ತಿದ್ದರು. ಗೀರಿನ ಅಂಚು ತಂತಿಯನ್ನು ಕಚ್ಚಿ ಹಿಡಿಯುತ್ತದೆ; ಅಂಟು ಬೇಡ, ಬೆಸುಗೆ ಬೇಡ. ನಮ್ಮಲ್ಲಿ ಬೀದರಿನ ಕುಶಲಿಗಳು ಮಾಡುವುದೂ ತತ್ತ್ವದಲ್ಲಿ ಇದನ್ನೇ. ಅವರ ಲೋಹ ಸತುವಿಗೆ ತುಸು ತಾಮ್ರ ಬೆರೆಸಿದ್ದು. ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಉಜ್ಜಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕತ್ತಿಯ ಮಟ್ಟಿಗೆ ಹೇಳುವುದಾದರೆ, ಅಲಂಕೃತವಾದ ಆಯುಧ ಕನ್ನಡನಾಡಿನಲ್ಲಿ ಇಂದಿಗೂ ಜೀವಂತವಾಗಿರುವುದು ಕೊಡಗಿನಲ್ಲಿ. ಸೊಂಟದ ಮುಂದೆ ಸಿಕ್ಕಿಸುವ ಪೀಚೆಕತ್ತಿಯ ಹಿಡಿಗೂ ಒರೆಗೂ ಬೆಳ್ಳಿ ಬಂಗಾರದ ಕೆಲಸ. ಬೆನ್ನಿಗೆ ಸಿಕ್ಕಿಸುವ ಒಡಿಕತ್ತಿ ಅಗಲವಾಗಿ ಬಾಗಿದ್ದು, ಅದರ ಅಲಗಿಗೆ ಅಲಂಕಾರವಿಲ್ಲ, ಆಕಾರವೇ ಅಲಂಕಾರ. ಕೈಲ್‌ಪೊಳ್ದ್ ಹಬ್ಬದಂದು ಮನೆಯ ಆಯುಧಗಳಿಗೆಲ್ಲ ಹೂವಿಟ್ಟು ಪೂಜೆ ಸಲ್ಲುತ್ತದೆ.

ನಮ್ಮ ಶಿವಮೊಗ್ಗೆಯ ಸೀಮೆಗೆ ಬರೋಣ. ಹೊಸನಗರ ತಾಲೂಕಿನ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ೨೦೧೮ರಲ್ಲಿ ಒಂದು ಹಾಳುಬಾವಿಯಿಂದ ಟಿಪ್ಪುವಿನ ಕಾಲದವೆಂದು ಹೇಳಲಾಗುವ ಸಾವಿರದಷ್ಟು ರಾಕೆಟ್ಟುಗಳು ಹೊರಬಂದವು. ಕಬ್ಬಿಣದ ತಗಡನ್ನು ಸುರುಳಿ ಸುತ್ತಿ ಕೈಯಿಂದ ಬಡಿದು ಮಾಡಿದ ಕೊಳವೆಗಳು. ಅಂಥ ಕೊಳವೆಗೆ ಬಿದಿರಿನ ಗಳು ಕಟ್ಟುತ್ತಿದ್ದರು, ಕೆಲವಕ್ಕೆ ಕತ್ತಿಯ ಅಲಗನ್ನೇ ಕಟ್ಟುತ್ತಿದ್ದರು. ಸಾವಿರ ಕೊಳವೆ ಬಡಿಯಬೇಕಾದರೆ ಎಷ್ಟು ಕುಲುಮೆ, ಎಷ್ಟು ಕೈ! ಆ ಬಾವಿಯ ಪಕ್ಕದಲ್ಲಿ ನೆನೆಯಬೇಕಾದದ್ದು ಭದ್ರಾವತಿ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆರೆತಿರುವ ಅಲ್ಲಿಯ ಕಾರ್ಖಾನೆಯಲ್ಲಿ ೧೯೨೩ರಲ್ಲಿ ಮೊದಲು ಕಬ್ಬಿಣ ಹರಿದದ್ದು ಕಲ್ಲಿದ್ದಲಿನಿಂದ ಅಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ, ಅದಿರು ಕೆಮ್ಮಣ್ಣುಗುಂಡಿಯದು. ಉರಿಸುವ ಸರಕಿನ ಮಟ್ಟಿಗೆ ಅದು ಹಳೆಯ ಕುಲುಮೆಯ ವಂಶವೇ. ೨೦೨೩ರ ಜನವರಿಯಲ್ಲಿ, ಸರಿಯಾಗಿ ನೂರನೆಯ ವರ್ಷದಲ್ಲಿ, ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಹೋರಾಟಕ್ಕಿಳಿದದ್ದು ಎಲ್ಲರಿಗೂ ತಿಳಿದಿದೆ.

ಅದೇ ವರ್ಷದ ಫೆಬ್ರವರಿಯಲ್ಲಿ ಶಿವಮೊಗ್ಗೆಯ ಹತ್ತಿರದ ಸೋಗಾನೆಯಲ್ಲಿ ವಿಮಾನನಿಲ್ದಾಣ ತೆರೆಯಿತು. ಆ ಕಡೆಯ ಒಂದು ಕುಲುಮೆಗೆ ನಾನು ಆಗಾಗ ಹೋಗುವುದುಂಟು. ಕುಲುಮೆಯ ಆಚಾರ್ರಿಗೆ ಎಪ್ಪತ್ತು ದಾಟಿದೆ. ಮಾಡುವುದು ಕುಡುಗೋಲು, ಮಚ್ಚು, ಗುದ್ದಲಿ, ಅಡಕೆ ಸುಲಿಯುವ ಮೆಟ್ಟುಗತ್ತಿ. ತಿದಿಯ ಜಾಗಕ್ಕೆ ವಿದ್ಯುತ್ತಿನ ಗಾಳಿಯ ಯಂತ್ರ ಬಂದಿದೆ. ಅಡಿಗಲ್ಲು ಅವರ ತಾತನ ಕಾಲದ್ದು. ಹೊಸದಾಗಿ ತಗಡಿನ ಮಾಡು ಹಾಕಿಸಿದಾಗ ನಡುವೆ ಬೆಳಕಿನ ಹಾಳೆಯೊಂದನ್ನು ಕೂರಿಸಿದ್ದರು. ಆಚಾರ್ರು ಅದರ ಕೆಳಗೆ ಗೋಣಿಚೀಲ ಕಟ್ಟಿಸಿದ್ದಾರೆ. “ಬೆಳಕಿದ್ರೆ ಕಾವು ಕಾಣಲ್ಲ ಮೇಷ್ಟ್ರೆ” ಎಂಬುದು ಅವರ ಕಾರಣ. ಕುಲುಮೆ ಏಕೆ ಕತ್ತಲಾಗಿರುತ್ತದೆಂದು ನನಗೆ ಅರ್ಥವಾದದ್ದು ಅಂದು. ಬಿಸಿಲಿನಲ್ಲಿ ನೋಡಿದರೆ ಕೆಂಪುಗಾವು ತಣ್ಣನೆಯ ಕಬ್ಬಿಣದಂತೆ ಕಾಣುತ್ತದೆ. ಕತ್ತಲಲ್ಲಿ ಅದೇ ದಾಸವಾಳ.

ವೈಕಿಂಗರ ಕತ್ತಿಯ ಚಿತ್ರವೊಂದನ್ನು ಅವರಿಗೆ ತೋರಿಸಿದೆ. ಹೊಸೆದ ಗೆರೆಗಳ ಮೇಲೆ ಬೆರಳಾಡಿಸಿ, “ಇದು ಹಗ್ಗ ಹೊಸೆದಂಗೆ ಹೊಸೆದವ್ರೆ” ಎಂದು ನಾನು ಹೇಳುವ ಮೊದಲೇ ಹೇಳಿದರು. ಬೆಂಕಿಯ ಬೆಸುಗೆ ಅವರಿಗೆ ಹೊಸದೇನಲ್ಲ. ಎತ್ತಿನ ಗಾಡಿಗಳಿದ್ದ ಕಾಲದಲ್ಲಿ ಚಕ್ರದ ಕಬ್ಬಿಣದ ಪಟ್ಟಿಯ ಎರಡು ತುದಿಗಳನ್ನು ಅವರು ಹಾಗೆಯೇ ಕೂಡಿಸುತ್ತಿದ್ದರು. ಎರಡು ತುದಿಗಳೂ ಬೆಳ್ಳಗೆ ಕಾದು ಬೆವರಿಟ್ಟಂತೆ ಹೊಳೆಯುವಾಗ ಮರಳನ್ನೋ ಬಿಳಿಗಾರವನ್ನೋ ಎರಚಿ, ಒಂದರ ಮೇಲೊಂದಿಟ್ಟು ಪೆಟ್ಟು ಹಾಕಬೇಕು. ಮರಳು ಕರಗಿ, ಮೇಲಿನ ಕಿಟ್ಟವನ್ನು ನೀರಾಗಿಸಿ ಹೊರಗೆ ಚಿಮ್ಮಿಸುತ್ತದೆ. ಶುದ್ಧವಾದ ಎರಡು ಮೈಗಳು ಒಂದಾಗುತ್ತವೆ. ತಡವಾದರೆ ಕಬ್ಬಿಣವೇ ಹೂಬಾಣದಂತೆ ಉರಿದುಹೋಗುತ್ತದೆ. ಗಾಡಿಗಳು ಹೋದವು, ಆ ಬೆಸುಗೆ ಮಾಡಿ ಮೂವತ್ತು ವರ್ಷಗಳಾದವಂತೆ. ಇದನ್ನು ಕಲಿತವರು ಯಾರೆಂದು ಕೇಳಿದೆ. ಮಗ ವಿಮಾನನಿಲ್ದಾಣದ ದಾರಿಯಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. “ಕಲೀಬೇಕು ಅಂದ್ರೆ ಕೆಲಸ ಇರಬೇಕಲ್ಲ ಮೇಷ್ಟ್ರೆ. ಬಾಯಲ್ಲಿ ಹೇಳಿದ್ರೆ ಕೈಗೆ ಹೋಗಲ್ಲ” ಎಂದರು. ಮಗನ ಮೇಲೆ ದೂರಿನ ಎಳೆಯೂ ಆ ಮಾತಿನಲ್ಲಿರಲಿಲ್ಲ.

ಹದ ಕೊಡುವುದನ್ನು ಮಾತ್ರ ಅಂದು ಅವರು ಪೂರ್ತಿಯಾಗಿ ತೋರಿಸಿದರು. ಬಣ್ಣವನ್ನು ಬಾನುಲಿಯಲ್ಲಿ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಕೆಂಪಗೆ ಕಾದ ಕುಡುಗೋಲಿನ ಬಾಯನ್ನು ನೀರಿಗೆ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಆದ್ದರಿಂದ ಒಂದು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಸ್ವಲ್ಪ ಕಾವು ಏರಲು ಬಿಡಬೇಕು. ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ಮೆರವಣಿಗೆ ಹೊರಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಆಮೇಲೆ ನೇರಿಳೆ, ಕೊನೆಗೆ ನೀಲಿ. ಒಂದೊಂದು ಬಣ್ಣಕ್ಕೂ ಒಂದೊಂದು ಹದ. ಹಳದಿ ಬಾಯಿಗೆ ಬಂದಾಗ ಅದ್ದಿದರೆ ಕ್ಷೌರದ ಕತ್ತಿಯ ಗಡುಸು. ನೀಲಿ ಬರುವವರೆಗೆ ಕಾದರೆ ಬಾಗಿ ಮತ್ತೆ ನೆಟ್ಟಗಾಗುವ ಗುಣ. ಕುಡುಗೋಲಿಗೆ ಹಳದಿ ದಾಟಿ ಕಂದು ಮುಖ ತೋರಿಸಿದ ಗಳಿಗೆ ಸರಿಯಂತೆ. ಮೂರಡಿಯ ಕತ್ತಿಗೆ ಯಾವ ಬಣ್ಣ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಅಷ್ಟು ಉದ್ದಕ್ಕೆ ನೇರಿಳೆ ದಾಟಿಸ್ಬೇಕು, ಇಲ್ದಿದ್ರೆ ಎದುರಿನವನ ಗುರಾಣಿಗೆ ಬಡಿದಾಗ ಎರಡಾಗ್ತದೆ” ಎಂದರು. ಅವರು ಜೀವಮಾನದಲ್ಲಿ ಒಂದು ಕತ್ತಿಯನ್ನೂ ಮಾಡಿದವರಲ್ಲ. ಇಂದು ಅಂಥ ಕತ್ತಿ ಮಾಡುವ ಪರದೇಶದ ಕುಶಲಿಗಳು ಹೇಳುವುದೂ ಹೆಚ್ಚುಕಡಮೆ ಆ ಬಣ್ಣವನ್ನೇ.

ಹೊರಡುವ ಮೊದಲು ಮೂರು ತುಂಡುಗಳನ್ನು ಅವರ ಮುಂದಿಟ್ಟೆ. ಹಳೆಯ ಗಾಡಿಚಕ್ರದ ಪಟ್ಟಿ, ಲಾರಿಯ ಕಮಾನುಪಟ್ಟಿ, ಹಲ್ಲು ಸವೆದ ಒಂದು ಅರ. ಯಾವುದು ಏನೆಂದು ಹೇಳಲಿಲ್ಲ. ತುಕ್ಕು ಹಿಡಿದು ಮೂರೂ ಒಂದೇ ಬಣ್ಣವಾಗಿದ್ದವು. ಒಂದೊಂದನ್ನೇ ತಿರುಗುವ ಸಾಣೆಗೆ ತಾಗಿಸಿದರು. ಚಕ್ರದ ಪಟ್ಟಿಯಿಂದ ಉದ್ದನೆಯ ಮಂಕು ಕಿಡಿಗಳು ನೇರವಾಗಿ ಬಂದು ಸತ್ತವು. ಕಮಾನುಪಟ್ಟಿಯ ಕಿಡಿಗಳು ತುದಿಯಲ್ಲಿ ಕವಲೊಡೆದವು. ಅರದಿಂದ ಸಾಣೆಯ ಬುಡದಲ್ಲಿಯೇ ನಕ್ಷತ್ರಕಡ್ಡಿಯಂತೆ ಹೂ ಸಿಡಿದು ಕುಲುಮೆಯ ಕತ್ತಲೆಲ್ಲ ಒಂದು ಗಳಿಗೆ ಬೆಳಗಿತು. ಕವಲು ಹೆಚ್ಚಾದಷ್ಟೂ ಇಂಗಾಲ ಹೆಚ್ಚು. ನಮ್ಮ ಹಳೆಯ ಮೂಸೆಯ ಉಕ್ಕಿಗೆ ಈ ಮೂರರಲ್ಲಿ ಹತ್ತಿರದ ನೆಂಟ ಆ ಅರ. ಆಚಾರ್ರು ಅದನ್ನು ಕೈಯಲ್ಲಿ ತೂಗಿ ನೋಡಿ, “ಇದ್ರಲ್ಲಿ ಜೀವ ಜಾಸ್ತಿ ಐತೆ, ಬೆಳ್ಳಗೆ ಕಾಯಿಸಬಾರ್ದು” ಎಂದು, ಅಡಕೆ ಸುಗ್ಗಿಗೆ ಯಾರೋ ಹೇಳಿಹೋಗಿದ್ದ ಮೆಟ್ಟುಗತ್ತಿಗಾಗಿ ಬದಿಗೆ ತೆಗೆದಿಟ್ಟುಕೊಂಡರು.